ವರ್ತಕನ ಪತ್ತು ಮತ್ತು ಪಾವತಿಯ ದಿನಾಂಕ

ಅಗರಬತ್ತಿ ತಯಾರಿಸಿ ಮಾರುತ್ತಿದ್ದ ಒಂದು ಪಾಲುದಾರಿಕೆ ಸಂಸ್ಥೆಯು 1965ರ ಡಿಸೆಂಬರ್ 31ರಂದು ವಿಸರ್ಜನೆಗೊಂಡಿತು. ಅದರ ಆಸ್ತಿ ಹಾಗೂ ಹೊಣೆಗಳನ್ನು ಅದೇ ಹೆಸರಿನ ಹೊಸ ಸಂಸ್ಥೆಯೊಂದು ವಹಿಸಿಕೊಂಡಿತು. ಇತರ ಆಸ್ತಿಗಳ ಜೊತೆಗೆ ‘ಗುಡ್‌ವಿಲ್’ ಎಂಬ ಬಾಬೂ ಅಲ್ಲಿತ್ತು. ಅದರ ಬೆಲೆಯನ್ನು 1,50,000 ರೂಪಾಯಿ ಎಂದು ಕಟ್ಟಲಾಗಿತ್ತು. ಈ ಮೊತ್ತವು ಬಂಡವಾಳ ಲಾಭವಾಗಿ ತೆರಿಗೆಗೆ ಒಳಪಡಬೇಕೆಂಬುದು ಆದಾಯ ತೆರಿಗೆ ಆಯುಕ್ತರ ನಿಲುವಾಗಿತ್ತು. ಪ್ರಕರಣವು ಕರ್ನಾಟಕ ಹೈಕೋರ್ಟನ್ನು ಹಾದು ಸುಪ್ರೀಂ ಕೋರ್ಟನ್ನು ತಲುಪಿ, 1981ರಲ್ಲಿ ಸಂಸ್ಥೆಯ ಪರವಾಗಿ ಇತ್ಯರ್ಥವಾಯಿತು. ಲೆಕ್ಕಪರಿಶೋಧಕರ ವಲಯದಲ್ಲಿ ಇದು ಬಿ.ಸಿ. ಶ್ರೀನಿವಾಸ ಸೆಟ್ಟಿ ಪ್ರಕರಣವೆಂದೇ ಪ್ರಸಿದ್ಧ.

ತೀರ್ಪಿನ ತಿರುಳು ಸರಳವಾಗಿದೆ. ಸ್ವಂತ ಶ್ರಮದಿಂದ ಬೆಳೆದ ಗುಡ್‌ವಿಲ್ ಯಾವ ದಿನ ಹುಟ್ಟಿತೆಂದು ಯಾರೂ ಹೇಳಲಾರರು. ಅದನ್ನು ಗಳಿಸಲು ಎಷ್ಟು ವೆಚ್ಚವಾಯಿತೆಂದು ಲೆಕ್ಕ ಹಾಕಲೂ ಆಗದು. ಖರೀದಿಯ ದಿನಾಂಕವೂ ವೆಚ್ಚವೂ ಗೊತ್ತಿಲ್ಲದ ಆಸ್ತಿಯ ಮೇಲೆ ಲಾಭವನ್ನು ಗುಣಿಸುವ ಬಗೆಯನ್ನು ಅಂದಿನ ಕಾನೂನು ಒದಗಿಸಿರಲಿಲ್ಲ. ಮುಂದೆ 1987ರ ಹಣಕಾಸು ಅಧಿನಿಯಮದ ಮೂಲಕ ಸಂಸತ್ತು ಈ ವೆಚ್ಚವನ್ನು ಸೊನ್ನೆಯೆಂದು ಭಾವಿಸಿ ತೆರಿಗೆ ವಿಧಿಸುವ ಏರ್ಪಾಡು ಮಾಡಿತು. ತೆರಿಗೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ವರ್ತಕರು ಆಲೋಚಿಸಬೇಕಾದ ಪ್ರಶ್ನೆ ಉಳಿದೇ ಇದೆ. ಹುಟ್ಟಿದ ದಿನ ತಿಳಿಯದ, ಅಢಾವೆ ಪತ್ರಿಕೆಯಲ್ಲಿ ಕಾಣದ, ಆದರೆ ಮಾರಿದರೆ ಬೆಲೆ ಬರುವ ಈ ಆಸ್ತಿಯು ಪ್ರತಿನಿತ್ಯ ಎಲ್ಲಿ ಬೆಳೆಯುತ್ತದೆ, ಎಲ್ಲಿ ಸೋರಿಹೋಗುತ್ತದೆ?

ನಮ್ಮ ಪೇಟೆಗಳಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ: ಪತ್ತು. ಒಬ್ಬ ವರ್ತಕನಿಗೆ ಪತ್ತು ಇದೆ ಎಂದರೆ ಅವನ ಬಳಿ ಹಣವಿದೆ ಎಂದು ಅರ್ಥವಲ್ಲ. ಅವನ ಮಾತಿನ ಮೇಲೆ ಮಾಲು ಬಿಡಬಹುದು ಎಂದು ಅರ್ಥ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ಈ ಪದವನ್ನೇ ತನ್ನ ಹೆಸರಿನಲ್ಲಿ ಹೊತ್ತಿತು. 1904ರ ಕಾಯಿದೆಯ ಪ್ರಕಾರ ಅಂತಹ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬನು ತಪ್ಪಿದರೆ ಉಳಿದವರು ತೆರಬೇಕು. ಆದುದರಿಂದ ಸಾಲ ಕೊಡುವ ಮುನ್ನ ಆಸ್ತಿಗಿಂತ ಮೊದಲು ನಡತೆಯನ್ನು ನೋಡುವುದು ಅನಿವಾರ್ಯವಾಗಿತ್ತು.

ಪತ್ತನ್ನು ಅಳೆಯುವವರು ಯಾರು?

ಉತ್ತಮ ಹೆಸರು ಎಂದೊಡನೆ ಬಹುತೇಕ ಉದ್ಯಮಿಗಳ ಗಮನ ಗ್ರಾಹಕನ ಕಡೆಗೆ ಹರಿಯುತ್ತದೆ. ಅಂಗಡಿಯ ಫಲಕ, ಜಾಹೀರಾತು, ಹಬ್ಬದ ರಿಯಾಯಿತಿ, ಅಂತರ್ಜಾಲದಲ್ಲಿ ದೊರೆಯುವ ನಕ್ಷತ್ರಗಳ ಸಂಖ್ಯೆ ಇವೆಲ್ಲ ಗ್ರಾಹಕನಿಗಾಗಿ. ಇದು ತಪ್ಪಲ್ಲ. ಆದರೆ ಗ್ರಾಹಕನು ಕಾಣುವುದು ವ್ಯಾಪಾರದ ಮುಂಬಾಗಿಲನ್ನು ಮಾತ್ರ. ಹಿಂಬಾಗಿಲಿನಲ್ಲಿ ನಿಂತಿರುವವರು ಬೇರೆ: ಕಚ್ಚಾ ಮಾಲು ಕೊಟ್ಟವನು, ಜಾಬ್‌ವರ್ಕ್ ಮಾಡಿಕೊಟ್ಟವನು, ಪ್ಯಾಕಿಂಗ್ ಪೆಟ್ಟಿಗೆ ಪೂರೈಸಿದವನು, ಲಾರಿ ಬಾಡಿಗೆಗೆ ಕಾದವನು. ಒಂದು ಸಂಸ್ಥೆಯ ಅಸಲು ಸ್ವಭಾವ ಇವರಿಗೆ ಗೊತ್ತು. ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳಿರಲಿ, ಪೀಣ್ಯದ ಯಂತ್ರಭಾಗಗಳ ತಯಾರಕರಿರಲಿ, ಹೊಸ ಖರೀದಿದಾರನ ಬಗ್ಗೆ ಮೊದಲು ಕೇಳುವ ಪ್ರಶ್ನೆ ಒಂದೇ: “ಪೇಮೆಂಟ್ ಹೇಗೆ?” ಆ ಪ್ರಶ್ನೆಗೆ ಇನ್ನೊಬ್ಬ ಪೂರೈಕೆದಾರನು ಕೊಡುವ ಉತ್ತರವೇ ಪತ್ತು.

ಗ್ರಾಹಕನೊಂದಿಗೆ ಅತ್ಯಂತ ನಯವಾಗಿ ನಡೆದುಕೊಳ್ಳುವ ಸಂಸ್ಥೆಗಳು ಸಣ್ಣ ಪೂರೈಕೆದಾರನನ್ನು ತಿಂಗಳುಗಟ್ಟಲೆ ಅಲೆದಾಡಿಸುವುದು ಅಪರೂಪವೇನಲ್ಲ. “ಸಾಹೇಬರು ಊರಲ್ಲಿಲ್ಲ”, “ಬಿಲ್ಲು ಸಹಿಗೆ ಹೋಗಿದೆ”, “ಮುಂದಿನ ಸೋಮವಾರ ಬನ್ನಿ” ಎಂಬ ಮಾತುಗಳು ಪೇಟೆಗೆ ಹಳೆಯವು. ಇದನ್ನು ಜಾಣತನವೆಂದು, ಬಡ್ಡಿಯಿಲ್ಲದ ದುಡಿಯುವ ಬಂಡವಾಳವೆಂದು ಹಲವರು ತಿಳಿದಿದ್ದಾರೆ. ಈ ತಿಳಿವಳಿಕೆ ಲೆಕ್ಕದ ದೃಷ್ಟಿಯಿಂದಲೂ ತಪ್ಪು.

ಒಂದು ಉದಾಹರಣೆ ನೋಡಬಹುದು. 2 ಲಕ್ಷ ರೂಪಾಯಿಯ ಮಾಲನ್ನು ಕೊಟ್ಟ ಸಣ್ಣ ತಯಾರಕನಿಗೆ 45 ದಿನಗಳ ಬದಲು 120 ದಿನಗಳಲ್ಲಿ ಹಣ ಬಂದಿತು ಎನ್ನೋಣ. ಅವನ ಓವರ್‌ಡ್ರಾಫ್ಟ್ ಬಡ್ಡಿ ಶೇಕಡಾ 12 ಇದ್ದರೆ, ಹೆಚ್ಚಾದ 75 ದಿನಗಳಿಗೆ ಅವನಿಗೆ ಸುಮಾರು 4,930 ರೂಪಾಯಿ ಬಡ್ಡಿ ತಗಲುತ್ತದೆ. ಎಂದರೆ ಮಾಲಿನ ಬೆಲೆಯ ಶೇಕಡಾ ಎರಡೂವರೆಯಷ್ಟು. ಅವನು ಇದನ್ನು ತನ್ನ ಕೈಯಿಂದ ಎಷ್ಟು ದಿನ ಭರಿಸಿಯಾನು? ಮುಂದಿನ ಕೊಟೇಶನ್ನಿನಲ್ಲಿ ಅದು ದರದೊಳಗೆ ಸದ್ದಿಲ್ಲದೆ ಸೇರುತ್ತದೆ. ಇಲ್ಲವೇ ಮಾಲಿನ ಗುಣಮಟ್ಟದಿಂದ ಸದ್ದಿಲ್ಲದೆ ಕಳೆಯುತ್ತದೆ. ಒಳ್ಳೆಯ ಮಾಲು, ಬೇಗನೆ ಬೇಕಾದ ಮಾಲು ಸರಿಯಾಗಿ ಹಣ ಕೊಡುವವನ ಕಡೆಗೆ ಹೋಗುತ್ತದೆ. ತಡವಾಗಿ ಕೊಡುವವನಿಗೆ ಉಳಿದದ್ದು ದೊರೆಯುತ್ತದೆ. ಬಡ್ಡಿಯಿಲ್ಲದ ಬಂಡವಾಳ ಎಂಬುದು ಹೆಸರಿಗೆ ಮಾತ್ರ.

45 ದಿನಗಳ ನಿಯಮ

ಈ ವಿಷಯದಲ್ಲಿ ಕಾನೂನು ಬಹಳ ಹಿಂದೆಯೇ ಮಾತನಾಡಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೇ ಕಲಮಿನಂತೆ, ಲಿಖಿತ ಕರಾರು ಇದ್ದಲ್ಲಿ ಅದರಲ್ಲಿ ಹೇಳಿದ ದಿನದೊಳಗೆ, ಆದರೆ ಮಾಲನ್ನು ಒಪ್ಪಿಕೊಂಡ ದಿನದಿಂದ 45 ದಿನ ಮೀರದಂತೆ, ಸೂಕ್ಷ್ಮ ಹಾಗೂ ಸಣ್ಣ ಪೂರೈಕೆದಾರನಿಗೆ ಹಣ ಸಂದಾಯವಾಗಬೇಕು. ಲಿಖಿತ ಕರಾರು ಇಲ್ಲದಿದ್ದರೆ ಅವಧಿ 15 ದಿನ ಮಾತ್ರ. ಬಾಯಿಮಾತಿನ ವ್ಯವಹಾರವೇ ಹೆಚ್ಚಾಗಿರುವ ನಮ್ಮ ಪೇಟೆಗಳಲ್ಲಿ ಈ ಎರಡನೆಯ ಭಾಗವನ್ನು ಅರಿತವರು ಕಡಿಮೆ. ತಪ್ಪಿದಲ್ಲಿ 16ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವಂತೆ. ಬ್ಯಾಂಕ್ ದರ ಐದೂವರೆ ಇದ್ದರೆ ಬಡ್ಡಿ ಶೇಕಡಾ ಹದಿನಾರೂವರೆ ಆಗುತ್ತದೆ. ಈ ಬಡ್ಡಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಲೂ ಅವಕಾಶವಿಲ್ಲ.

ಅದೇ ಕಾಯಿದೆಯ ಇನ್ನೊಂದು ಅಂಶವೂ ಗಮನಾರ್ಹ. ಮಾಲು ಕೈಸೇರಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಮಾಲನ್ನು ಒಪ್ಪಿಕೊಂಡಂತೆಯೇ ಲೆಕ್ಕ. ತೊಂಬತ್ತನೆಯ ದಿನ ಹಣ ಕೇಳಲು ಬಂದವನೆದುರು “ನಿಮ್ಮ ಮಾಲೇ ಸರಿಯಿರಲಿಲ್ಲ” ಎಂದು ಹೊಸದಾಗಿ ದೂರು ತೆಗೆಯುವ ಪದ್ಧತಿಗೆ ಕಾನೂನಿನ ಬೆಂಬಲವಿಲ್ಲ. ಪತ್ತಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ. ದೋಷವಿದ್ದರೆ ಮೊದಲ ವಾರದಲ್ಲೇ ಬರೆದು ತಿಳಿಸುವವನು ಕಟ್ಟುನಿಟ್ಟಿನ ಮನುಷ್ಯನೆನಿಸಿಕೊಳ್ಳುತ್ತಾನೆ. ಹಣ ಕೊಡುವ ದಿನ ದೋಷ ಹುಡುಕುವವನು ಬೇರೆಯೇ ಹೆಸರು ಪಡೆಯುತ್ತಾನೆ.

ಇಷ್ಟಿದ್ದರೂ ಈ ಕಾಯಿದೆ ಬಹುಕಾಲ ಪುಸ್ತಕದಲ್ಲೇ ಉಳಿಯಿತು. 2023ರ ಹಣಕಾಸು ಅಧಿನಿಯಮವು ಅದನ್ನು ಆದಾಯ ತೆರಿಗೆಗೆ ಜೋಡಿಸಿದಾಗ ಮಾತ್ರ ಪೇಟೆ ಎಚ್ಚೆತ್ತಿತು. 2024-25ರ ಕರನಿರ್ಧಾರಣ ವರ್ಷದಿಂದ, ಗಡುವು ಮೀರಿ ಉಳಿದ ಇಂತಹ ಬಾಕಿಯನ್ನು ನಿಜವಾಗಿ ಹಣ ಸಂದಾಯವಾದ ವರ್ಷದಲ್ಲಿ ಮಾತ್ರ ಖರ್ಚಾಗಿ ಪರಿಗಣಿಸುವ ನಿಯಮ ಬಂದಿತು. ಗಡುವು ಮೀರಿದ 10 ಲಕ್ಷ ರೂಪಾಯಿ ಮಾರ್ಚ್ 31ರಂದು ಬಾಕಿ ಇದ್ದರೆ, ಶೇಕಡಾ 30ರ ದರದಲ್ಲಿ ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಯೊಂದು ಆ ವರ್ಷ ಸೆಸ್ ಬಿಟ್ಟು 3 ಲಕ್ಷ ರೂಪಾಯಿ ಹೆಚ್ಚಿನ ತೆರಿಗೆ ಕಟ್ಟಬೇಕಾಗುತ್ತದೆ. 2024ರ ಆರಂಭದಲ್ಲಿ ದೇಶದ ಜವಳಿ ಮಾರುಕಟ್ಟೆಗಳಿಂದ ಇದಕ್ಕೆ ವಿರೋಧ ಕೇಳಿಬಂದಿತು. ನಿಯಮಕ್ಕೆ ಒಳಪಡದ ಪೂರೈಕೆದಾರರನ್ನು ಹುಡುಕುವ ಉಪಾಯವೂ ಚರ್ಚೆಗೆ ಬಂದಿತು. ವ್ಯಾಪಾರದಿಂದ ವ್ಯಾಪಾರಕ್ಕೆ ಅವಧಿ ಬೇರೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಜವಳಿಯಲ್ಲಿ ಉದ್ರಿಯ ಅವಧಿ ಪರಂಪರೆಯಿಂದಲೇ ದೀರ್ಘವಾದುದು. ಆದರೆ ಸಕಾಲಕ್ಕೆ ಹಣ ಕೊಡಬೇಕಾಗುತ್ತದೆ ಎಂಬ ಕಾರಣಕ್ಕೆ ಹಳೆಯ ಪೂರೈಕೆದಾರನನ್ನು ಬಿಡುವುದು ತೆರಿಗೆ ಯೋಜನೆಯಲ್ಲ, ಪತ್ತನ್ನು ತಾನಾಗಿಯೇ ಕಳೆದುಕೊಳ್ಳುವ ಕೆಲಸ.

ಸಮರ್ಥನೆಗಳು ಮತ್ತು ಉತ್ತರಗಳು

“ಮೇಲಿನವರು ನಮಗೆ ಕೊಟ್ಟರೆ ತಾನೇ ನಾವು ಕೆಳಗಿನವರಿಗೆ ಕೊಡುವುದು?” ಎಂಬುದು ಸಣ್ಣ ಉದ್ಯಮಿಗಳ ಸಹಜ ಪ್ರಶ್ನೆ. ಇದನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಕಂಪನಿಗಳೂ ಸರ್ಕಾರಿ ಇಲಾಖೆಗಳೂ ಹಣ ತಡಮಾಡಿದರೆ ಆ ಬಿಸಿ ಕೊನೆಯ ಮೆಟ್ಟಿಲಿನವರೆಗೂ ಇಳಿಯುತ್ತದೆ. ಬಾಕಿಯ ಬಗ್ಗೆ ದೂರು ಸಲ್ಲಿಸಲು 2017ರ ಅಕ್ಟೋಬರಿನಲ್ಲಿ ‘ಸಮಾಧಾನ್’ ಪೋರ್ಟಲ್ ಆರಂಭವಾಯಿತು. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಸಿಗುವುದೇ ಎಂಬ ಭಯ ಅನೇಕರ ಕೈ ಕಟ್ಟಿಹಾಕುತ್ತದೆ. ಈ ಭಯ ನಿಜವಾದುದು. ಅದಕ್ಕೆ ಒಂದು ಪರ್ಯಾಯವೆಂದರೆ ರಿಸರ್ವ್ ಬ್ಯಾಂಕಿನ ಅನುಮತಿಯಡಿ ನಡೆಯುವ ‘ಟ್ರೆಡ್ಸ್’ ವೇದಿಕೆಗಳು. ಖರೀದಿದಾರನು ಒಪ್ಪಿದ ಬಿಲ್ಲನ್ನು ಅಲ್ಲಿ ಬ್ಯಾಂಕುಗಳು ವಟಾವಣೆ ಮಾಡಿ ಹಣ ನೀಡುತ್ತವೆ. ಖರೀದಿದಾರನು ತಪ್ಪಿದರೂ ಪೂರೈಕೆದಾರನ ಮೇಲೆ ಹೊಣೆ ಮರಳುವುದಿಲ್ಲ. 2024ರ ನವೆಂಬರಿನ ಅಧಿಸೂಚನೆಯಂತೆ 250 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು ಈ ವೇದಿಕೆಗಳಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಯಿತು. ಅಂತಹ ಕಂಪನಿಗಳಿಗೆ ಮಾಲು ಕೊಡುವವರು ಬಿಲ್ಲನ್ನು ವೇದಿಕೆಗೆ ತರುವಂತೆ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಇಷ್ಟಾದರೂ ಹಣ ಸಾಲದ ತಿಂಗಳುಗಳು ಬಂದೇ ಬರುತ್ತವೆ. ಆಗ ಪತ್ತು ಉಳಿಯುವುದು ಎರಡು ಸಂಗತಿಗಳಿಂದ. ಮೊದಲನೆಯದು, ಗಡುವಿನ ದಿನಕ್ಕೂ ಮೊದಲೇ ಹೇಳುವುದು. ತಡವನ್ನು ಪೇಟೆ ಕ್ಷಮಿಸುತ್ತದೆ. ಫೋನು ಎತ್ತದಿರುವುದನ್ನು ಕ್ಷಮಿಸುವುದಿಲ್ಲ. ಎರಡನೆಯದು, ಪಾವತಿಯ ಸರದಿ. ಸಾಮಾನ್ಯವಾಗಿ ಜೋರಾಗಿ ಕೇಳುವವನಿಗೆ ಮೊದಲು ಹಣ ಹೋಗುತ್ತದೆ, ಸುಮ್ಮನಿರುವ ಸಣ್ಣವನು ಕೊನೆಯಲ್ಲಿ ಉಳಿಯುತ್ತಾನೆ. ಈ ಸರದಿಯನ್ನು ತಿರುಗಿಸಬೇಕು. ಹತ್ತು ಸಾವಿರದ ಬಿಲ್ಲಿನಿಂದ ನಾಲ್ವರು ಕೆಲಸಗಾರರ ವಾರದ ಬಟವಾಡೆ ಮಾಡುವವನಿಗೆ ಮೊದಲು ಸಲ್ಲಬೇಕು. ಮೊತ್ತ ಚಿಕ್ಕದು, ಅದರಿಂದ ದೊರೆಯುವ ಹೆಸರು ಚಿಕ್ಕದಲ್ಲ.

ಬರಹಕ್ಕೆ ಇಳಿದಿರುವ ಪತ್ತು

ಹಿಂದೆ ಪತ್ತು ಜನರ ನಾಲಗೆಯ ಮೇಲಿತ್ತು. ಒಂದು ಪೇಟೆಯಲ್ಲಿ ಕೆಟ್ಟರೆ ಇನ್ನೊಂದು ಪೇಟೆಗೆ ಹೋಗಿ ಹೊಸದಾಗಿ ಆರಂಭಿಸಬಹುದಿತ್ತು. ಇಂದು ಅದು ಕಡತಕ್ಕೆ ಇಳಿದಿದೆ. 2022ರ ಜನವರಿಯಿಂದ, ಮಾರಾಟಗಾರನು ತನ್ನ ಜಿಎಸ್‌ಟಿ ವಿವರಪಟ್ಟಿಯಲ್ಲಿ ಬಿಲ್ಲನ್ನು ತೋರಿಸಿ ಅದು ಖರೀದಿದಾರನ 2ಬಿ ನಮೂನೆಯಲ್ಲಿ ಕಾಣಿಸಿಕೊಳ್ಳದಿದ್ದರೆ, ಖರೀದಿದಾರನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಮಾರಾಟಗಾರನು ಬಿಲ್ಲು ತೋರಿಸಿಯೂ ತೆರಿಗೆ ಕಟ್ಟುವ ವಿವರಪಟ್ಟಿಯನ್ನು ನಿಗದಿತ ಅವಧಿಯೊಳಗೆ ಸಲ್ಲಿಸದಿದ್ದರೆ, 37ಎ ನಿಯಮದಂತೆ ಪಡೆದ ಕ್ರೆಡಿಟ್ಟನ್ನು ಖರೀದಿದಾರನು ಹಿಂತಿರುಗಿಸಬೇಕು. ಹೀಗೆ ಒಬ್ಬನ ಅಶಿಸ್ತಿಗೆ ಇನ್ನೊಬ್ಬನು ದಂಡ ತೆರುತ್ತಾನೆ. ವಿವರಪಟ್ಟಿಯನ್ನು ತಡಮಾಡುವ ಮಾರಾಟಗಾರನಿಂದ ಖರೀದಿ ಮಾಡಲು ಯಾರು ಮುಂದೆ ಬರುತ್ತಾರೆ? ಅತ್ತ ಖರೀದಿದಾರನೂ 180 ದಿನಗಳೊಳಗೆ ಮಾರಾಟಗಾರನಿಗೆ ಹಣ ಕೊಡದಿದ್ದರೆ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂತಿರುಗಿಸಬೇಕೆಂಬ ನಿಯಮವಿದೆ.

ಸಾಲದ ವಿಷಯವೂ ಹೀಗೆಯೇ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಹಾಗೂ 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆಯಡಿ ಬಂದ ಇತರ ಸಂಸ್ಥೆಗಳು ಪ್ರತಿಯೊಂದು ಕಂತಿನ ಚರಿತ್ರೆಯನ್ನೂ ದಾಖಲಿಸುತ್ತವೆ. 2025ರ ಜನವರಿಯಿಂದ ಬ್ಯಾಂಕುಗಳು ಈ ಮಾಹಿತಿಯನ್ನು ಕನಿಷ್ಠ 15 ದಿನಗಳಿಗೊಮ್ಮೆಯಾದರೂ ನೀಡಬೇಕಾಗಿ ಬಂದಿತು. ಬಂಧುವೊಬ್ಬರ ಸಾಲಕ್ಕೆ ಹಾಕಿದ ಜಾಮೀನಿನ ಸಹಿಯೂ ಅಲ್ಲಿ ಕಾಣುತ್ತದೆ. ದಾಖಲೆಯಲ್ಲಿ ತಪ್ಪುಗಳೂ ನುಸುಳುತ್ತವೆ: ತೀರಿಸಿದ ಸಾಲ ಬಾಕಿಯೆಂದು, ಇನ್ನೊಬ್ಬರ ಸಾಲ ತಮ್ಮದೆಂದು ನಮೂದಾಗಿರಬಹುದು. ಪ್ರತಿಯೊಬ್ಬ ವ್ಯಕ್ತಿಗೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ದೂರು ನೀಡಿದ 30 ದಿನಗಳೊಳಗೆ ತಪ್ಪು ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡುವ ಏರ್ಪಾಡು 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಸಾಲಕ್ಕೆ ಅರ್ಜಿ ಹಾಕಿ ತಿರಸ್ಕೃತವಾದ ಮೇಲೆ ವರದಿ ನೋಡುವುದಕ್ಕಿಂತ ಪ್ರತಿ ಏಪ್ರಿಲಿನಲ್ಲಿ ಒಮ್ಮೆ ನೋಡುವುದು ಲೇಸು.

ಹೆಸರಿಗೆ ಬೇಲಿ

ಗಳಿಸಿದ ಹೆಸರನ್ನು ಕಾಯುವುದೂ ಒಂದು ಕೆಲಸ. ಅಂಗಡಿಯ ಪರವಾನಗಿಯಾಗಲಿ ಜಿಎಸ್‌ಟಿ ನೋಂದಣಿಯಾಗಲಿ ವ್ಯಾಪಾರದ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಆ ಹಕ್ಕನ್ನು ನೋಂದಾಯಿಸಿಕೊಳ್ಳಲು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಇದೆ. ನೋಂದಣಿ 10 ವರ್ಷ ಊರ್ಜಿತದಲ್ಲಿರುತ್ತದೆ, ಬಳಿಕ ನವೀಕರಿಸಬಹುದು. 2017ರ ನಿಯಮಾವಳಿಯು ಸಣ್ಣ ಉದ್ಯಮಗಳಿಗೆ ಶುಲ್ಕವನ್ನು ಇತರರ ಅರ್ಧಕ್ಕೆ, ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿಗೆ, ನಿಗದಿಪಡಿಸಿತು. ನೋಂದಣಿಯಿಲ್ಲದ ಹೆಸರನ್ನೂ ನ್ಯಾಯಾಲಯ ರಕ್ಷಿಸಬಲ್ಲದು. ಆದರೆ ಆಗ ದೀರ್ಘಕಾಲದ ಬಳಕೆ ಹಾಗೂ ಗಳಿಸಿದ ಖ್ಯಾತಿಯನ್ನು ಸಾಕ್ಷ್ಯ ಸಮೇತ ರುಜುವಾತು ಮಾಡಬೇಕು. ಹಳೆಯ ಬಿಲ್ಲು ಪುಸ್ತಕ, ಜಾಹೀರಾತುಗಳನ್ನು ರದ್ದಿಗೆ ಹಾಕುವ ಮುನ್ನ ಇದು ನೆನಪಿರಬೇಕು.

ಹೆಸರಿಗೆ ಹೊರಗಿನ ನಕಲಿಗಳಿಗಿಂತ ಮನೆಯೊಳಗಿನ ಒಡಕು ಹೆಚ್ಚು ಅಪಾಯಕಾರಿ. ಅಣ್ಣತಮ್ಮಂದಿರು ಬೇರೆಯಾದಾಗ ಅದೇ ಹೆಸರಿನ ಎರಡು ಅಂಗಡಿಗಳು ಅಕ್ಕಪಕ್ಕದಲ್ಲಿ ತೆರೆದು, ‘ನಮ್ಮಲ್ಲಿ ಬೇರೆ ಶಾಖೆಗಳಿಲ್ಲ’ ಎಂಬ ಫಲಕ ಎರಡರಲ್ಲೂ ತೂಗುವುದನ್ನು ಅನೇಕ ಊರುಗಳು ಕಂಡಿವೆ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಗುಡ್‌ವಿಲ್ ಸಂಸ್ಥೆಯ ಆಸ್ತಿ. ನಿವೃತ್ತನಾದ ಪಾಲುದಾರನು ಪೈಪೋಟಿಯ ವ್ಯಾಪಾರ ನಡೆಸಬಹುದಾದರೂ, ಕರಾರಿನಲ್ಲಿ ಬೇರೆ ರೀತಿ ಒಪ್ಪಿರದ ಹೊರತು, ಸಂಸ್ಥೆಯ ಹೆಸರನ್ನು ಬಳಸುವಂತಿಲ್ಲ. ಸಾರ್ವಜನಿಕ ಪ್ರಕಟಣೆ ನೀಡುವವರೆಗೆ ಮೂರನೆಯವರಿಗೆ ಅವನ ಹೊಣೆಯೂ ಮುಗಿಯುವುದಿಲ್ಲ. ಹೆಸರು ಯಾರಿಗೆ, ಗುಡ್‌ವಿಲ್ಲಿಗೆ ಬೆಲೆ ಕಟ್ಟುವ ಬಗೆ ಯಾವುದು ಎಂಬ ಎರಡು ಪರಿಚ್ಛೇದಗಳನ್ನು ಪಾಲುದಾರಿಕೆ ಪತ್ರದಲ್ಲಿ ಎಲ್ಲರೂ ಒಂದೇ ಊಟದ ಸಾಲಿನಲ್ಲಿ ಕೂರುತ್ತಿರುವಾಗಲೇ ಬರೆಯಿಸಿಕೊಳ್ಳಬೇಕು.

ತಪ್ಪು ಸಂಭವಿಸಿದಾಗ

ಎಷ್ಟು ಎಚ್ಚರ ವಹಿಸಿದರೂ ತಪ್ಪು ಘಟಿಸುತ್ತದೆ. 2003ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಚಾಕೊಲೇಟುಗಳಲ್ಲಿ ಹುಳು ಕಂಡುಬಂದ ದೂರುಗಳು ಬಂದವು. ಅಂಗಡಿಗಳಲ್ಲಿ ಸರಿಯಾಗಿ ಶೇಖರಿಸದಿರುವುದೇ ಕಾರಣವೆಂಬುದು ಕಂಪನಿಯ ಮೊದಲ ಉತ್ತರವಾಗಿತ್ತು. ಆ ಉತ್ತರ ಜನರಿಗೆ ಸಮಾಧಾನ ತರಲಿಲ್ಲ. ಹಬ್ಬದ ದಿನಗಳಲ್ಲೇ ಮಾರಾಟ ಕುಸಿಯಿತು. ಅನಂತರ ಕಂಪನಿಯು ಚಿಲ್ಲರೆ ಅಂಗಡಿಗಳವರಿಗೆ ಶೇಖರಣೆಯ ತಿಳಿವಳಿಕೆ ನೀಡುವ ಕಾರ್ಯಕ್ರಮ ಹಮ್ಮಿಕೊಂಡು, 2004ರ ಜನವರಿಯಲ್ಲಿ ಹೆಚ್ಚು ಭದ್ರವಾದ ಹೊಸ ಹೊದಿಕೆಯೊಂದಿಗೆ ಮಾರುಕಟ್ಟೆಗೆ ಬಂದಿತು. ಹೆಸರು ಮರಳಿ ಕುದುರಿತು. ತಪ್ಪು ಯಾರದೆಂಬ ವಾದ ಗೆಲ್ಲುವುದರಿಂದ ಹೆಸರು ಉಳಿಯಲಿಲ್ಲ. ಆ ತಪ್ಪು ಮತ್ತೆ ಆಗದಂತೆ ಹಣ ಖರ್ಚು ಮಾಡಿ ತೋರಿಸಿದ್ದರಿಂದ ಉಳಿಯಿತು. ಬಿಸ್ಕತ್ತು, ಚಕ್ಕುಲಿ ತಯಾರಿಸುವ ಸಣ್ಣ ಘಟಕಕ್ಕೂ ಇದೇ ಪಾಠ. ದೂರು ಬಂದ ಪೊಟ್ಟಣವನ್ನು ಕೂಡಲೇ ಬದಲಿಸುವುದು, ಯಾವ ದಿನದ ತಯಾರಿಕೆ ಎಂದು ಗುರುತಿಸಿ ಉಳಿದ ಮಾಲನ್ನು ಹಿಂದಕ್ಕೆ ಪಡೆಯುವುದು, ಅಂಗಡಿಯವನನ್ನು ಗ್ರಾಹಕನೆದುರು ಒಂಟಿಯಾಗಿ ಬಿಡದಿರುವುದು ಇಷ್ಟು ಸಾಕು. ಇದಕ್ಕೆ ಪ್ರತಿ ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ ಇರಬೇಕು, ಆ ಬ್ಯಾಚ್ ಎಲ್ಲೆಲ್ಲಿಗೆ ಹೋಯಿತೆಂಬ ವಹಿಯೂ ಇರಬೇಕು.

ವಾಣಿಜ್ಯ ಸಂಸ್ಥೆಗಳ ಪಾತ್ರ

ಪತ್ತು ವೈಯಕ್ತಿಕವಾದರೂ ಅದನ್ನು ಬೆಳೆಸುವ ವಾತಾವರಣ ಸಾಮೂಹಿಕವಾದುದು. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಈ ದಿಸೆಯಲ್ಲಿ ಮೂರು ಕೆಲಸ ಮಾಡಬಹುದು. ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ 45 ದಿನಗಳೊಳಗೆ ಹಣ ಕೊಡುತ್ತೇವೆಂದು ಸ್ವಇಚ್ಛೆಯಿಂದ ಬರೆದುಕೊಡುವ ಸದಸ್ಯರ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುವುದು ಮೊದಲನೆಯದು. ಬಾಕಿದಾರರ ಕಪ್ಪುಪಟ್ಟಿ ಬೇಡ. ಅದು ವ್ಯಾಜ್ಯಕ್ಕೂ ವೈಯಕ್ತಿಕ ದ್ವೇಷಕ್ಕೂ ದಾರಿ. ಒಳ್ಳೆಯವರ ಪಟ್ಟಿಯಲ್ಲಿ ಹೆಸರಿಲ್ಲದಿರುವುದೇ ಸಾಕಷ್ಟು ಮಾತನಾಡುತ್ತದೆ. ಹಣ ಹಾಗೂ ಗುಣಮಟ್ಟದ ತಕರಾರುಗಳನ್ನು ಸದಸ್ಯರ ನಡುವೆಯೇ ಗೋಪ್ಯವಾಗಿ ಬಗೆಹರಿಸುವ ಹಿರಿಯರ ಸಮಿತಿ ಎರಡನೆಯದು. ಖರೀದಿ ಆರ್ಡರಿನ ಕೆಳಗೆ ಪಾವತಿಯ ಅವಧಿ, ಆಕ್ಷೇಪಣೆಯ ಅವಧಿಗಳನ್ನು ನಮೂದಿಸುವ ಒಂದು ಪುಟದ ಕನ್ನಡ ಕರಾರು ನಮೂನೆಯನ್ನು ಎಲ್ಲ ಸದಸ್ಯರಿಗೂ ಒದಗಿಸುವುದು ಮೂರನೆಯದು. ಇವು ಯಾವುದಕ್ಕೂ ದೊಡ್ಡ ವೆಚ್ಚವಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಗರಬತ್ತಿ ಪ್ರಕರಣದಲ್ಲಿ ನ್ಯಾಯಾಲಯವು ಗುಡ್‌ವಿಲ್ ಹುಟ್ಟಿದ ದಿನವನ್ನು ಗುರುತಿಸಲಾಗದು ಎಂದಿತು. ಹುಟ್ಟಿದ ದಿನ ತಿಳಿಯದಿರಬಹುದು, ಆದರೆ ಬೆಳೆಯುವ ದಿನಗಳು ಖಾತಾವಹಿಯಲ್ಲೇ ಇವೆ. ಪ್ರತಿಯೊಬ್ಬ ಪೂರೈಕೆದಾರನ ಖಾತೆಯಲ್ಲಿ ಬಿಲ್ಲಿನ ದಿನಾಂಕ ಒಂದು ಕಡೆ, ಹಣ ಕೊಟ್ಟ ದಿನಾಂಕ ಇನ್ನೊಂದು ಕಡೆ ಬರೆದಿರುತ್ತದೆ. ಅವೆರಡರ ನಡುವಿನ ಅಂತರವನ್ನು ಮಾಲೀಕರು ತಿಂಗಳಿಗೊಮ್ಮೆ ತಾವೇ ಕುಳಿತು ನೋಡುವುದು ಒಳಿತು. ಅಂತರ ಕಡಿಮೆಯಾಗುತ್ತಿದ್ದರೆ ಪತ್ತು ಬೆಳೆಯುತ್ತಿದೆ. ಹೆಚ್ಚುತ್ತಿದ್ದರೆ, ಮಾರಾಟ ಎಷ್ಟೇ ಏರಿರಲಿ, ಎಚ್ಚರ ವಹಿಸುವ ಕಾಲ ಬಂದಿದೆ.